ಓದುಗರ ಪ್ರಶ್ನೆ: ನೋರಾಗ ಅಷ್ಟು ಧೈರ್ಯ ಎಲ್ಲಿಂದ ಬಂತು?

ಪ್ರಶ್ನೆ: ಅಕ್ಕಾರಿಗೆ ನಮಸ್ಕಾರ್ರಿ. ಮೊನ್ನೆ ಅತ್ತೆವರ ಜೋಡಿ ಬಳ್ಳಾರಿಗೆ ಹೋದಾಗ ನಾರ್ವೆ ದೇಶದ ನಾಟಕಕಾರ ಇಬ್ಸೆನ್‌ನ 'ಎ ಡಾಲ್ಸ್ ಹೌಸ್' ನಾಟಕ ಕನ್ನಡದಾಗ ನೋಡಿದ್ವಿ. ಮೊದ್ಲು ಗಂಡ 'ನನ್ನ ಅಳಿಲು' ಅಂದ್ರ ಕುಣಕೊಂಡು ಬರೋ ನೋರಾ, ಕೊನೀಗೆ ಮೂರು ಮಕ್ಕಳ್ನ ಬಿಟ್ಟು ಹೊಂಟೇ ಬಿಡ್ತಾಳ. ಒಂದು ರಾತ್ರಿಯಾಗ ಅಷ್ಟು ಬದಲಾಗ್ತಾರೇನ್ರಿ? ಅತ್ತೆವರಂತೂ 'ಹೆತ್ತ ತಾಯಿ ಹಿಂಗ ಮಾಡ್ತಾಳೇನು' ಅಂತ ಗಂಗಾವತಿ ಬರೋತನ ಬೈದ್ರು.
– ಹೆಸರು ಬ್ಯಾಡ ಅಂದವರು, ಗಂಗಾವತಿ

ಉತ್ತರ: ತಂಗೀ, ಒಂದು ರಾತ್ರಿಯಾಗ ಆಗಿದ್ದಲ್ಲ ಅದು. ನೋರಾ ದಡ್ಡಿ ಅಂತ ಅನ್ಕೊಂಡಿದ್ದು ಆಕಿ ಗಂಡ ಟೊರ್ವಾಲ್ಡ್, ಅವನ ಕಣ್ಣಿಂದ ನೋಡಿದ್ರ ನಮಗೂ ಹಂಗ ಕಾಣ್ತಾಳ. ಹಲ್ಲು ಹಾಳಾಗ್ತಾವ ಅಂತ ಸಿಹಿ ಸುದ್ದಾ ತಿನ್ನಬಾರ್ದು ಅಂದಿರ್ತಾನ, ಈಕಿ ಕದ್ದು ತಿಂದು ಬಾಯಿ ಒರಸ್ಕೊಂಡು 'ನಾನೆಲ್ಲಿ ತಿಂದೆ' ಅಂತಾಳ. ಆದ್ರ ಇದೇ ಹೆಣಮಗಳು ಗಂಡನ ಜೀವ ಉಳಿಸ್ಲಿಕ್ಕೆ ಇಟಲಿಗೆ ಕರಕೊಂಡು ಹೋಗಾಕ ಗುಟ್ಟಾಗಿ ಸಾಲ ತಂದಾಳ, ಆ ಕಾಲಕ್ಕ ಗಂಡನ ಒಪ್ಪಿಗಿ ಇಲ್ದ ಹೆಂಡ್ತಿ ಸಾಲ ತಗೊಳ್ಳಂಗಿಲ್ಲ, ಅದಕ್ಕ ಸತ್ತ ಅಪ್ಪನ ಸಹಿ ತಾನೇ ಹಾಕ್ಯಾಳ. ಆಮೇಲೆ ಸೀರಿ-ಗೀರಿ ಅಂತ ಕೊಟ್ಟ ದುಡ್ಡಿನಾಗ ಅರ್ಧ ಉಳಿಸಿ ಕಂತು ಕಟ್ಯಾಳ. ಹಿಂದಿನ ಚಳಿಗಾಲದಾಗ ರೂಮಿನ ಬಾಗ್ಲ ಹಾಕ್ಕೊಂಡು ರಾತ್ರಿ ಹೊತ್ತಾಗೋತನ ದುಡ್ಡಿಗೆ ಕಾಪಿ ಬರದಾಳ, ಗಂಡ ಮಾತ್ರ ಕ್ರಿಸ್‌ಮಸ್ ಹಬ್ಬದ ಗಿಡಕ್ಕ ಹೂವು ಮಾಡ್ತಾಳ ಅಂತ ತಿಳಕೊಂಡಿದ್ದ. ಸಂಘದ ಕಂತು ವಾರವಾರ ಹೊಂದಿಸೋ ಹೆಣಮಕ್ಕಳ್ನ ಕೇಳ್ರಿ, ಅದು ಎಷ್ಟು ಲೆಕ್ಕ, ಎಷ್ಟು ಧೈರ್ಯ ಬೇಡ್ತದ ಅಂತ ಹೇಳ್ತಾರ.

ಹಂಗಾರ ಆ ರಾತ್ರಿ ಬದಲಾಗಿದ್ದೇನು? ಗುಟ್ಟು ಬಯಲಾದ್ರ ಗಂಡ 'ತಪ್ಪು ನಂದು' ಅಂತ ತನ್ನ ತಲಿ ಮ್ಯಾಲ ಹಾಕ್ಕೊಂತಾನ ಅಂತ ಆಕಿ ನಂಬಿದ್ಲು, ಅದು ಹೋತು. ಸಾಲ ಕೊಟ್ಟವನ ಮೊದಲ್ನೇ ಪತ್ರ ಓದಿದ ಕೂಡ್ಲೆ ಸುಳ್ಳಿ, ಅಪರಾಧಿ ಅಂತ ಬಾಯಿಗೆ ಬಂದಂಗ ಬೈತಾನ. ಎರಡ್ನೇ ಪತ್ರದಾಗ ಸಾಲದ ಕಾಗದ ವಾಪಸ್ ಬರ್ತದ ನೋಡ್ರಿ, ಆಗ ಅವನ ಬಾಯಿಂದ ಬರೋ ಮಾತು 'ನಾನು ಉಳಕೊಂಡೆ!' ಈಕಿ ಕೇಳ್ತಾಳ, 'ಮತ್ತ ನಾನು?' ನನಗ ಇಡೀ ನಾಟಕ ಆ ಎರಡು ಮಾತಿನ ಮ್ಯಾಲ ನಿಂತದ ಅನಸ್ತದ, ಕೊನೀಗೆ ಆಕಿ ಹೊಂಟಾಗ ಬಾಗ್ಲ ಹಾಕೋ ಸಪ್ಪಳ ಆಮೇಲಿನ ಮಾತು. ಆ ರಾತ್ರಿ ಪಾರ್ಟಿಗೆ ಹಾಕಿದ್ದ ಕುಣಿಯೋ ವೇಷದ ಬಟ್ಟಿ ಕಳಚಿ ದಿನಾ ಹಾಕೋ ಬಟ್ಟಿ ಉಟ್ಕೊಂಡು ಬಂದು, ಗಂಡನ್ನ ಎದುರಿಗೆ ಕುಂದ್ರಿಸಿ, ಮದಿವಿಯಾಗಿ ಎಂಟು ವರ್ಷದಾಗ ನಾವು ಹಿಂಗ ಕುಂತು ಖರೇ ಮಾತಾಡಿದ್ದು ಇದ ಮೊದ್ಲು ಅಂತಾಳ. ಅಪ್ಪ ನನ್ನ ಗೊಂಬಿ ಮಾಡ್ಕೊಂಡು ಆಡಿದ, ನೀನೂ ಹಂಗ ಆಡಿದಿ ಅಂತಾಳ, ಕಿನ್ನಾಳದಿಂದ ಗೊಂಬಿ ತಂದು ಶೋಕೇಸಿನ್ಯಾಗ ಇಟ್ಟಂಗ.

ಅತ್ತೆವರ ಮಾತು ಸಣ್ಣದಲ್ರಿ. 1879ರಾಗ ನಾಟಕ ಬಂದಾಗೂ ಇದೇ ಗದ್ದಲ ಆತು. ಜರ್ಮನಿಯಾಗ ನೋರಾನ ಪಾತ್ರ ಮಾಡೋ ನಟಿ ಮಕ್ಕಳ್ನ ಬಿಟ್ಟು ಹೋಗೋ ಕೊನೀ ಆಡಂಗಿಲ್ಲ ಅಂದ್ಲು, ಬ್ಯಾರೆಯವರು ತಿದ್ದಿ ಕೆಡಿಸೋದಕ್ಕಿಂತ ತಾನೇ ಬರಿಯೋದು ವಾಸಿ ಅಂತ ಇಬ್ಸೆನ್ ಇನ್ನೊಂದು ಕೊನೀ ಬರದುಕೊಟ್ಟ, ನೋರಾ ಮಕ್ಕಳ ಮಾರಿ ನೋಡಿ ಕುಸೀತಾಳ. ಆದ್ರ ನಾಟಕಕ್ಕ ಅದು ಅನ್ಯಾಯ ಅಂತ ಅವನೇ ಹೇಳಿಕೊಂಡ.

ಇನ್ನೊಂದು. ಇನ್ಮ್ಯಾಲ ಮಕ್ಕಳ್ನ ನಿನ್ನ ಕೈಯಾಗ ಬಿಡಂಗಿಲ್ಲ ಅಂತ ಅದೇ ರಾತ್ರಿ ಮೊದ್ಲು ಅಂದವ ಟೊರ್ವಾಲ್ಡ್. ಮತ್ತ ಆ ಮನಿಯಾಗ ಆನ್ನೆ-ಮರಿ ಅಂತ ದಾದಿ ಇದಾಳ, ಸ್ವಲ್ಪೇ ಹೊತ್ತು ಬರೋ ಪಾತ್ರ, ಹೊಟ್ಟಿಪಾಡಿಗೆ ತನ್ನ ಹೆತ್ತ ಮಗಳನ್ನ ಬ್ಯಾರೆಯವರ ಕೈಯಾಗ ಬಿಟ್ಟು ಬಂದು ನೋರಾನ್ನ ಸಾಕಿದಾಕಿ. ಆಕಿಗೆ ಯಾರೂ ಬೈಯಂಗಿಲ್ಲ. ಅತ್ತೆವರ ಜೋಡಿ ಮತ್ತೊಮ್ಮೆ ನಾಟಕ ನೋಡೋದಾದ್ರ ಆ ದಾದಿ ಮಾತಾಡೋ ಸೀನ್ ಬಂದಾಗ ಅವರ ಮಾರಿ ನೋಡ್ರಿ, ಏನಂದ್ರು ಅಂತ ನನಗೂ ಬರೀರಿ.