ಅಂಗಡಿ ಓಡುತ್ತದೆಯೋ, ನಡೆಯುತ್ತದೆಯೋ?

ಪ್ರಶ್ನೆ: ನಮ್ಮದು ಕಾಲೇಜು ಹುಡುಗರಿಗೆ ಊಟ ಹಾಕುವ ಸಣ್ಣ ಮೆಸ್. ಏಳನೇ ಕ್ಲಾಸಿನ ಮಗಳು ನೋಟ್‌ಬುಕ್‌ನಲ್ಲಿ 'ಮೈ ಮದರ್ ರನ್ಸ್ ಎ ಮೆಸ್' ಅಂತ ಬರೆದಿದ್ದಾಳೆ. ಡಿಕ್ಷನರಿ ತೆಗೆದರೆ 'ರನ್' ಅಂದರೆ ಓಡು ಅಂತಿದೆ. ಮಂಡಿನೋವಿನವಳು ನಾನು, ಎಲ್ಲಿ ಓಡಲಿ? ಅವಳು ಬರೆದದ್ದು ಸರಿಯೇ?
– ಒಬ್ಬ ಓದುಗಿ, ತುಮಕೂರು

ಉತ್ತರ: ಸರಿಯಾಗೇ ಬರೆದಿದ್ದಾಳೆ ತಾಯಿ. ಮಂಡಿಗೆ ಎಣ್ಣೆ ಹಚ್ಚಿಕೊಂಡು ಆರಾಮಾಗಿರಿ. ಪಾಕೆಟ್ ಡಿಕ್ಷನರಿಯಲ್ಲಿ ಒಂದೆರಡು ಅರ್ಥಕ್ಕಷ್ಟೇ ಜಾಗ. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟಿನವರು ಈ ಕ್ರಿಯಾಪದವನ್ನು ಪರಿಷ್ಕರಿಸಿದಾಗ ಅರ್ಥಗಳ ಲೆಕ್ಕ 645ಕ್ಕೆ ಹೋಯಿತು. ಪೀಟರ್ ಗಿಲಿವರ್ ಎಂಬ ಸಂಪಾದಕರಿಗೆ ಅದೊಂದೇ ಪದ ಒಂಬತ್ತು ತಿಂಗಳು ಹಿಡಿಯಿತಂತೆ. ಹೊತ್ತು ಹೆತ್ತ ಹಾಗೇ! ಅವರ 1989ರ ಆವೃತ್ತಿಯಲ್ಲಿ 'ಸೆಟ್' 430 ಅರ್ಥಗಳೊಂದಿಗೆ ಮುಂದಿತ್ತು.

ಮಜಾ ಏನೆಂದರೆ, ಇಂಗ್ಲಿಷಿನವರು ಓಡಿಸುವುದನ್ನು ನಾವು ನಡೆಸುತ್ತೇವೆ. ಅಂಗಡಿ ನಡೆಸು, ಶಾಲೆ ನಡೆಸು, ಸಂಸಾರ ನಡೆಸು. 'ವ್ಯಾಪಾರ ಹೇಗೆ ನಡೀತಿದೆ?' ಅಂತಲೇ ಅಲ್ವಾ ನಾವು ಕೇಳುವುದು? ಅಮೆರಿಕದವರು ಚುನಾವಣೆಗೂ 'ರನ್' ಮಾಡುತ್ತಾರೆ. ಬ್ರಿಟನ್ನಿನವರು 'ಸ್ಟ್ಯಾಂಡ್' ಅನ್ನುತ್ತಾರೆ. ನಮ್ಮ ಪಂಚಾಯಿತಿಗೂ ಜನ ನಿಲ್ಲುವುದೇ; ಓಡಾಟ ಎಲ್ಲ ಓಟು ಕೇಳುವಾಗ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದಾಗ ಒಬ್ಬ ಹುಡುಗ 'ರಸ್ತೆ ಕೆರೆಯ ಪಕ್ಕ ಓಡುತ್ತದೆ' ಅಂತ ಅನುವಾದ ಮಾಡಿದ್ದ. ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿ, 'ರಸ್ತೆಗೆ ಕಾಲಿದೆಯೇನೋ?' ಅಂದೆ. ಅವನು ಎದ್ದು ನಿಂತು, 'ಸಾರ್, ಸಿನಿಮಾ ನೂರು ದಿನ ಓಡುತ್ತಲ್ಲ, ಅದಕ್ಕಿದೆಯಾ?' ಅಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವತ್ತು ನಾನು ರೇಗಿ ಅವನನ್ನು ಕೂರಿಸಿದೆ. ಮನೆಗೆ ಬಂದು ಯೋಚಿಸಿದರೆ ಅವನ ಮಾತು ನಿಜ. ಕನ್ನಡದಲ್ಲೂ ಸಿನಿಮಾ ಓಡುತ್ತದೆ, ಬಸ್ಸು ಓಡುತ್ತದೆ, ಪಾಠದ ಹೊತ್ತಿನಲ್ಲಿ ಮನಸ್ಸು ಎಲ್ಲೆಲ್ಲೋ ಓಡುತ್ತದೆ. ರಸ್ತೆ ಮಾತ್ರ ಸುಮ್ನೆ ಹೋಗುತ್ತದೆ. ಯಾಕೆ ಅಂದರೆ ನನ್ನ ಹತ್ತಿರ ಉತ್ತರವಿಲ್ಲ, ರೂಢಿ ಅಷ್ಟೆ. ಮಾರನೇ ದಿನ ಅವನಿಗೆ ಅರ್ಧ ಅಂಕ ಕೊಟ್ಟೆ. ಪೂರ್ತಿ ಕೊಡಲು ಆಗ ಬಿಗುಮಾನ.

ಮಗಳಿಗೆ 645 ಅರ್ಥ ಉರು ಹೊಡೆಸಬೇಡಿ. 'ರನ್' ಮುಂದೆ ಹಿಂದೆ ಏನಿದೆ ಅಂತ ನೋಡುವುದನ್ನು ಕಲಿಸಿ, ಸಾಕು. ನದಿ 'ರನ್' ಆದರೆ ಹರಿಯಿತು. ಮೂಗು ಆದರೆ ಸೋರಿತು. ಒಗೆಯುವಾಗ ಸೀರೆಯ ಬಣ್ಣ 'ರನ್' ಆದರೆ ಬಣ್ಣ ಬಿಟ್ಟಿತು. ಸಕ್ಕರೆ ಕಾಯಿಲೆ ಮನೆತನದಲ್ಲಿ 'ರನ್' ಆಗುತ್ತಿದೆ ಅಂದರೆ ವಂಶದಲ್ಲೇ ಬಂದಿದೆ ಅಂತ. ಪಕ್ಕಕ್ಕೆ ಸಣ್ಣ ಪದ ಸೇರಿದರೆ ಕಥೆಯೇ ಬೇರೆ. 'ವಿ ರ್‍ಯಾನ್ ಔಟ್ ಆಫ್ ಗ್ಯಾಸ್' ಅಂದರೆ ಗ್ಯಾಸಿನಿಂದ ಆಚೆ ಓಡಿದೆವು ಅಂತಲ್ಲ, ಗ್ಯಾಸ್ ಖಾಲಿಯಾಯಿತು. 'ಐ ರ್‍ಯಾನ್ ಇನ್‌ಟು ಮೈ ಟೀಚರ್' ಅಂದರೆ ಮೇಷ್ಟ್ರು ದಾರಿಯಲ್ಲಿ ಅಕಸ್ಮಾತ್ ಸಿಕ್ಕರು. ಸೈಕಲ್ ಮೇಲಿದ್ದವನು ಹೇಳಿದರೆ ಗುದ್ದಿದ ಅಂತಲೂ ಆಗಬಹುದು, ಹುಷಾರು.

ಕ್ರಿಕೆಟ್ಟಿನದಂತೂ ಕೇಳಲೇಬೇಡಿ. ಸಿಕ್ಸರ್ ಹೊಡೆದವನು ಒಂದು ಹೆಜ್ಜೆಯೂ ಓಡಬೇಕಿಲ್ಲ, ಆದರೂ ಆರು 'ರನ್'.

ಅಂದ ಹಾಗೆ, ನಿಮ್ಮ ಮಗಳ ವಾಕ್ಯ ಇಂಗ್ಲೆಂಡಿನವರ ಕೈಗೆ ಸಿಕ್ಕರೆ ಅವರು 'ರನ್ಸ್' ಅನ್ನುವುದನ್ನು ಸಲೀಸಾಗಿ ದಾಟುತ್ತಾರೆ. ಅವರಿಗೆ ನಗು ಬರುವುದು 'ಮೆಸ್' ಹತ್ತಿರ. ಊಟದ ಮನೆ ಎಂಬ ಅರ್ಥ ಅಲ್ಲಿ ಹೆಚ್ಚಾಗಿ ಮಿಲಿಟರಿಯವರದ್ದು. ಉಳಿದವರ ಬಾಯಲ್ಲಿ ಮೆಸ್ ಅಂದರೆ ಗಲೀಜು.