ಓದುಗರ ಪ್ರಶ್ನೆ, ನಮ್ಮ ಉತ್ತರ: ಪಿಕಪ್ ಗಾಡಿಯ ಬೆಡ್ ಗಿಡ್ಡ ಮಾಡುವ ಕೆಲಸ

ಪ್ರಶ್ನೆ: ನಾನು ಅಮೆರಿಕದ ಟೆಕ್ಸಸ್‌ನಲ್ಲಿ ನೆಲೆಸಿರುವ ಕನ್ನಡಿಗ. ಕಳೆದ ವರ್ಷ 1970ರ ಮಾದರಿಯ ಶೆವ್ರೊಲೆ ಸಿ-10 ಪಿಕಪ್ ಒಂದನ್ನು ಕೊಂಡಿದ್ದೇನೆ. ಅದರ ಬೆಡ್, ಅಂದರೆ ಹಿಂಬದಿಯ ಸರಕು ತೊಟ್ಟಿ, ಎಂಟು ಅಡಿ ಉದ್ದದ್ದು. ಗಾಡಿಯನ್ನು ಗ್ಯಾರೇಜಿನೊಳಗೆ ನಿಲ್ಲಿಸಿದರೆ ಕೆಲಸದ ಮೇಜಿಗೆ ಜಾಗ ಉಳಿಯುವುದಿಲ್ಲವಾದ್ದರಿಂದ ಬೆಡ್ಡನ್ನು ಆರೂವರೆ ಅಡಿಗೆ ಇಳಿಸಬೇಕೆಂದಿದ್ದೇನೆ. ಮಿಗ್ ವೆಲ್ಡಿಂಗ್ ಯಂತ್ರ (ಬೆಸುಗೆಯ ತಂತಿ ತಾನಾಗಿ ಮುಂದೆ ಬರುವಂಥದ್ದು), ಗ್ರೈಂಡರ್ ನನ್ನಲ್ಲಿವೆ. ಮನೆಯ ಗೇಟು, ತೋಟದ ಬೆಂಚು ಬೆಸೆದ ಅನುಭವವಿದೆ. ಬಾಲದ ಕಡೆಯಿಂದ ಒಂದೂವರೆ ಅಡಿ ಕತ್ತರಿಸಿದರೆ ಸಾಕಾಗುವುದಿಲ್ಲವೇ?

ಉತ್ತರ: ಸಾಕಾಗುವುದಿಲ್ಲ. ನೀವು ಗ್ರೈಂಡರ್ ಕೈಗೆತ್ತಿಕೊಳ್ಳುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಬೆಡ್ಡಿನ ಎರಡೂ ಪಕ್ಕಗಳಲ್ಲಿ ಚಕ್ರದ ಕಮಾನು ಇದೆ; ಆ ಕಮಾನು ಹಿಂದಿನ ಆಕ್ಸಲ್ಲಿಗೆ, ಅಂದರೆ ಎರಡು ಚಕ್ರಗಳನ್ನು ಜೋಡಿಸುವ ಅಚ್ಚಿಗೆ, ನೇರವಾಗಿ ಕೂರಬೇಕು. ಬಾಲವನ್ನಷ್ಟೇ ಕತ್ತರಿಸಿದರೆ ಚಕ್ರ ತನ್ನ ಜಾಗದಲ್ಲೇ ಉಳಿದು, ಅದರ ಹಿಂದೆ ಗೇಣುದ್ದದ ಮೋಟು ತಗಡು ಮಾತ್ರ ಉಳಿಯುತ್ತದೆ. ನೋಡಲೂ ಚೆನ್ನಾಗಿರುವುದಿಲ್ಲ, ಹಿಂಬಾಗಿಲಿನ ಮೇಲೆ ಭಾರ ಇಟ್ಟಾಗ ಆಧಾರವೂ ಸಾಲುವುದಿಲ್ಲ. 1967ರಿಂದ 1972ರವರೆಗಿನ ಸಿ-10 ಗಾಡಿಗಳಲ್ಲಿ ಉದ್ದ ಬೆಡ್ಡಿನದಕ್ಕೆ ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳ ನಡುವಿನ ಅಂತರ 127 ಇಂಚು, ಗಿಡ್ಡ ಬೆಡ್ಡಿನದಕ್ಕೆ 115 ಇಂಚು. ಕಾರ್ಖಾನೆಯವರು ಗಿಡ್ಡ ಗಾಡಿಯನ್ನು ಮಾಡಿದ್ದು ಬಾಲವನ್ನು ಮೊಟಕುಗೊಳಿಸಿ ಮಾತ್ರವಲ್ಲ, ಆಕ್ಸಲ್ಲನ್ನೇ 12 ಇಂಚು ಮುಂದಕ್ಕೆ ತಂದು. ಆದ್ದರಿಂದ ಬೆಡ್ಡಿನಲ್ಲಿ ಎರಡು ಕಡೆ ತುಂಡು ತೆಗೆಯಬೇಕಾಗುತ್ತದೆ: ಚಕ್ರದ ಕಮಾನಿಗಿಂತ ಮುಂದೆ ಸರಿಯಾಗಿ 12 ಇಂಚು, ಕಮಾನಿನ ಹಿಂದೆ ಸುಮಾರು ಏಳೆಂಟು ಇಂಚು. ಈ ಎರಡನೆಯ ಅಳತೆಯನ್ನು ಯಾರ ಬಾಯಿಮಾತಿನ ಮೇಲೂ ನಂಬದೆ, ಅದೇ ಮಾದರಿಯ ಗಿಡ್ಡ ಗಾಡಿಯೊಂದರ ಮೇಲೆ ನೀವೇ ಟೇಪು ಹಿಡಿದು ತೆಗೆದುಕೊಳ್ಳಿ.

ಬೆಡ್ಡಿನಿಂದ 12 ಇಂಚು ಹೋದರೆ ಚಾಸಿಯಿಂದಲೂ, ಅಂದರೆ ಗಾಡಿಯ ಭಾರ ಹೊರುವ ಕೆಳಗಿನ ಉಕ್ಕಿನ ಚೌಕಟ್ಟಿನಿಂದಲೂ, 12 ಇಂಚು ಹೋಗಲೇಬೇಕು. ನಿಮ್ಮ ಪ್ರಶ್ನೆಯಲ್ಲಿ ಚಾಸಿಯ ಪ್ರಸ್ತಾಪವೇ ಇಲ್ಲ. ನನಗೆ ಕಾಳಜಿ ಇರುವುದು ಅಲ್ಲಿಯೇ. ಬೆಡ್ಡಿನ ತಗಡಿನ ಬೆಸುಗೆ ಕೆಟ್ಟರೆ ಪುಟ್ಟಿ ಹಚ್ಚಿ, ಉಜ್ಜಿ, ಮತ್ತೊಮ್ಮೆ ಪ್ರಯತ್ನಿಸಬಹುದು. ಚಾಸಿಯ ಬೆಸುಗೆ ಕೆಟ್ಟರೆ ಅದು ಗೊತ್ತಾಗುವುದು ಹೆದ್ದಾರಿಯಲ್ಲಿ, ಸರಕು ತುಂಬಿದ ದಿನ. ನಿಮ್ಮ ರಾಜ್ಯದಲ್ಲಿ 2025ರಿಂದ ಖಾಸಗಿ ವಾಹನಗಳ ವಾರ್ಷಿಕ ಸುರಕ್ಷತಾ ತಪಾಸಣೆಯನ್ನು ಕೈಬಿಟ್ಟಿದ್ದಾರೆ. ಎಂದರೆ ನೀವು ಬೆಸೆದ ಚಾಸಿಯನ್ನು ರಸ್ತೆಗೆ ಇಳಿಯುವ ಮೊದಲು ಇನ್ನೊಂದು ಜೊತೆ ಕಣ್ಣು ನೋಡುತ್ತದೆ ಎಂಬ ಭರವಸೆಯೂ ಇಲ್ಲ. ಗೇಟು, ಬೆಂಚು ಬೆಸೆದ ಕೈಗೆ ಬೆಡ್ಡಿನ ಕೆಲಸ ಕಲಿತರೆ ಬರುತ್ತದೆ, ಅದನ್ನು ಮನೆಯಲ್ಲೇ ಧೈರ್ಯವಾಗಿ ಮಾಡಿ. ಚಾಸಿಯನ್ನು ಮಾತ್ರ ಆ ಕೆಲಸದಲ್ಲಿ ಪ್ರಮಾಣಪತ್ರ ಪಡೆದ ವೆಲ್ಡರ್‌ಗೆ ಒಪ್ಪಿಸಿ ಎಂಬುದು ನನ್ನ ಖಚಿತವಾದ ಸಲಹೆ.

ಒಪ್ಪಿಸಿದರೂ ಅವರು ಏನು ಮಾಡುತ್ತಾರೆಂದು ನಿಮಗೆ ತಿಳಿದಿರಬೇಕು. ಚಾಸಿಯ ಉದ್ದನೆಯ ಪಟ್ಟಿಯನ್ನು ಮೇಲಿನಿಂದ ಕೆಳಗೆ ಒಂದೇ ನೇರ ಗೆರೆಯಲ್ಲಿ ಕತ್ತರಿಸಬಾರದು; ಮೆಟ್ಟಿಲಿನಂತೆ ತಿರುಗಿಸಿ ಕತ್ತರಿಸಿದರೆ ಬೆಸುಗೆಯ ಇಡೀ ಭಾರ ಒಂದೇ ಅಡ್ಡಗೆರೆಯ ಮೇಲೆ ಬೀಳುವುದಿಲ್ಲ. ಬೆಸುಗೆಯ ಒಳಬದಿಗೆ ಬಲಪಡಿಸುವ ಪಟ್ಟಿ ಹಾಕುವಾಗ ಅದರ ತುದಿಗಳು ವಜ್ರದಾಕಾರದಲ್ಲಿ ಚೂಪಾಗಿರಬೇಕು, ಏಕೆಂದರೆ ಚೌಕ ತುದಿಯ ಪಟ್ಟಿ ಮುಗಿಯುವ ಜಾಗದಲ್ಲೇ ಮುಂದೊಂದು ದಿನ ಬಿರುಕು ಏಳುತ್ತದೆ. ಕತ್ತರಿಸುವ ಮೊದಲು ಗಾಡಿಯನ್ನು ಸಮತಟ್ಟಾದ ನೆಲದಲ್ಲಿ, ಕತ್ತರಿಸುವ ಜಾಗದ ಎರಡೂ ಬದಿಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ, ಚಾಸಿಯ ಎಡ ಮುಂದಿನ ತೂತಿನಿಂದ ಬಲ ಹಿಂದಿನ ತೂತಿಗೆ, ಬಲ ಮುಂದಿನದರಿಂದ ಎಡ ಹಿಂದಿನದಕ್ಕೆ ಕರ್ಣದ ಅಳತೆ ಬರೆದಿಟ್ಟುಕೊಳ್ಳಬೇಕು. ಜೋಡಿಸಿದ ಮೇಲೆ ಈ ಎರಡು ಕರ್ಣಗಳು ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಾದರೆ ಗಾಡಿ ಏಡಿಯಂತೆ ಓರೆಯಾಗಿ ಓಡುತ್ತದೆ. ಚಾಸಿಯ ಜೊತೆಗೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕೂಡ ಗಿಡ್ಡವಾಗಬೇಕು. ಅದನ್ನು ಕತ್ತರಿಸಿ ಬೆಸೆದು ಬ್ಯಾಲೆನ್ಸ್ ಮಾಡುವುದಕ್ಕೇ ಮೀಸಲಾದ ಅಂಗಡಿಗಳಿವೆ, ಮನೆಯಲ್ಲಿ ಅದನ್ನು ಮುಟ್ಟಬೇಡಿ. ಬ್ರೇಕಿನ ಪೈಪು, ಹ್ಯಾಂಡ್‌ಬ್ರೇಕಿನ ಕೇಬಲ್ಲು, ಹಿಂದಿನ ದೀಪಗಳ ವೈರು ಇವೆಲ್ಲವನ್ನೂ ಹೊಸ ಉದ್ದಕ್ಕೆ ಹೊಂದಿಸಬೇಕಾಗುತ್ತದೆ.

ಇನ್ನು ಬೆಡ್ಡಿಗೆ ಬರೋಣ. ಅದನ್ನು ಗಾಡಿಯಿಂದ ಪೂರ್ತಿ ಇಳಿಸಿಕೊಂಡೇ ಕೆಲಸ ಮಾಡಿ. ನಿಮ್ಮ ಗಾಡಿಯಲ್ಲಿ ಪೆಟ್ರೋಲ್ ಟ್ಯಾಂಕು ಇರುವುದು ಕ್ಯಾಬಿನ ಒಳಗೆ, ಸೀಟಿನ ಬೆನ್ನಿಗೆ; 1973ರ ಮಾದರಿಯಿಂದಷ್ಟೇ ಅದು ಚಾಸಿಗೆ ಇಳಿಯಿತು. ಅದರಿಂದ ಮೊಳದೂರದಲ್ಲಿ ಕಿಡಿ ಹಾರಿಸುವುದು ಯಾವ ಕಾರಣಕ್ಕೂ ಬೇಡ. ಬೆಡ್ಡಿನ ನೆಲಕ್ಕೆ ಹಲಗೆ ಹಾಕಿದ್ದರೆ ನಿಮ್ಮ ಕೆಲಸ ಅರ್ಧ ಹಗುರ: ಹಲಗೆ, ನಡುವಿನ ಉಕ್ಕಿನ ಪಟ್ಟಿಗಳನ್ನು ಬೋಲ್ಟು ಬಿಚ್ಚಿ ತೆಗೆದು ಬೇಕಾದ ಉದ್ದಕ್ಕೆ ಕೊಯ್ದುಕೊಳ್ಳಬಹುದು, ಕೆಳಗಿನ ಅಡ್ಡಪಟ್ಟಿಗಳನ್ನು ಮಾತ್ರ ಹೊಸ ಜಾಗಕ್ಕೆ ಸರಿಸಬೇಕು. ಪಕ್ಕದ ತಗಡುಗಳಲ್ಲಿ ಕತ್ತರಿಸುವ ಗೆರೆಯನ್ನು ಉಬ್ಬುಗೆರೆಗಳು ಒಂದಕ್ಕೊಂದು ಸಮಾನಾಂತರವಾಗಿ ಓಡುವ ಜಾಗದಲ್ಲಿಯೇ ಆರಿಸಿಕೊಳ್ಳಿ. ತುಂಡು ತೆಗೆದು ಎರಡು ಅಂಚು ಕೂಡಿಸಿದಾಗ ಮೇಲಿನ ಉಬ್ಬು ಸೇರಿ ಕೆಳಗಿನದು ಎರಡು ಮಿಲಿಮೀಟರ್ ತಪ್ಪಿದರೂ, ಬಣ್ಣ ಹೊಡೆದ ಮೇಲೆ ಬಿಸಿಲಲ್ಲಿ ಅದೊಂದೇ ಕಣ್ಣಿಗೆ ಕುಕ್ಕುತ್ತದೆ. ಮೇಲಂಚಿನಲ್ಲಿ ಗೂಟ ನಿಲ್ಲಿಸುವ ಚೌಕ ತೂತುಗಳ ಮೇಲೆ ಗೆರೆ ಹಾಯದಂತೆ ನೋಡಿಕೊಳ್ಳಿ.

ಒಂದರ ಮೇಲೊಂದು ತಗಡು ಹೇರಿ ಬೆಸೆಯುವ ಆಸೆ ಬೇಡ; ಆ ಎರಡು ಪದರದ ನಡುವೆ ನೀರು ನಿಂತು ಒಳಗಿನಿಂದ ತುಕ್ಕು ತಿನ್ನುತ್ತದೆ. ಅಂಚಿಗೆ ಅಂಚು ಕೂಡಿಸಿ, ನಡುವೆ ಒಂದು ಮಿಲಿಮೀಟರಿಗಿಂತ ಕಡಿಮೆ ಸಂದು ಬಿಟ್ಟು, ಕ್ಲ್ಯಾಂಪ್ ಹಾಕಿ, ಮೊದಲು ಟ್ಯಾಕ್, ಅಂದರೆ ತಗಡನ್ನು ಹಿಡಿದಿಡುವಷ್ಟು ಬಿಡಿ ಬೆಸುಗೆ ಚುಕ್ಕೆ, ಮಾತ್ರ ಹಾಕಿ. ಟ್ಯಾಕ್ ಹಾಕಿದ ಸ್ಥಿತಿಯಲ್ಲಿಯೇ ಬೆಡ್ಡನ್ನು ಚಾಸಿಯ ಮೇಲೆ ಇಳಿಸಿ, ಹಿಂಬಾಗಿಲನ್ನು ಜೋಡಿಸಿ, ಹತ್ತು ಸಲ ತೆರೆದು ಮುಚ್ಚಿ ನೋಡಿ. ಬಾಗಿಲು ಒಂದು ಬದಿಗೆ ಉಜ್ಜಿದರೆ ಆಗ ಟ್ಯಾಕ್ ಕಡಿದು ಸರಿಪಡಿಸಬಹುದು. ಪೂರ್ತಿ ಬೆಸೆದ ಮೇಲೆ ಆ ಅವಕಾಶ ಇರುವುದಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಎಣ್ಣೆ ಜಿಡ್ಡು ತೆಗೆಯಲು ಬ್ರೇಕ್ ಕ್ಲೀನರ್ ಸಿಂಪಡಿಸಿ ಮೇಲೆಯೇ ವೆಲ್ಡಿಂಗ್ ಮಾಡುವ ಅಭ್ಯಾಸ ಹಲವರಿಗಿದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ವೆಲ್ಡಿಂಗಿನ ಬಿಸಿಗೆ ಫಾಸ್ಜೀನ್ ಅನಿಲವಾಗಿ ಮಾರ್ಪಡಬಲ್ಲದು. ಅದು ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ ವಿಷ. ಅಲ್ಪ ಪ್ರಮಾಣವೂ ಶ್ವಾಸಕೋಶವನ್ನು ಹಾಳು ಮಾಡುತ್ತದೆ, ಪರಿಣಾಮ ಕಾಣಿಸಿಕೊಳ್ಳುವುದು ಗಂಟೆಗಳ ನಂತರ. ಅಸಿಟೋನ್ ಬಳಸಿ, ಅದು ಪೂರ್ತಿ ಆರಿದ ಮೇಲೆ, ಒದ್ದೆ ಬಟ್ಟೆಗಳನ್ನು ದೂರ ಇಟ್ಟು ಕೆಲಸ ಆರಂಭಿಸಿ.

ಪ್ರಶ್ನೆ: ಹಳೆಯ ಪಿಕಪ್ಪಿನ ಬೆಡ್ಡಿನ ಪಕ್ಕದ ತಗಡನ್ನು ನಾನೇ ಕತ್ತರಿಸಿ ಬೆಸೆದೆ. ಬೆಸುಗೆಯ ಉದ್ದಕ್ಕೂ ತಗಡು ಅಲೆಅಲೆಯಾಗಿ ಎದ್ದಿದೆ; ಬೆರಳಿನಿಂದ ಒತ್ತಿದರೆ ಟಕ್ ಎಂದು ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತದೆ. ಪುಟ್ಟಿಯಲ್ಲಿ ಮುಚ್ಚಬಹುದೇ?

ಉತ್ತರ: ಮುಚ್ಚಬೇಡಿ, ಹಾಗೆ ಆಡುವ ತಗಡಿನ ಮೇಲೆ ಪುಟ್ಟಿ ನಿಲ್ಲುವುದಿಲ್ಲ, ಗಾಡಿ ನಾಲ್ಕು ಗುಂಡಿ ಹಾಯ್ದರೆ ಬಿರುಕು ಬಿಡುತ್ತದೆ. ನಾನು ಈ ಕೆಲಸ ಕಲಿಯುತ್ತಿದ್ದಾಗ ಒಮ್ಮೆ ಆತುರದಿಂದ ಗೇಣುದ್ದದ ಬೆಸುಗೆಯನ್ನು ನಿಲ್ಲಿಸದೆ ಎಳೆದಿದ್ದೆ. ಹೆಲ್ಮೆಟ್ ಎತ್ತಿ ನೋಡುವಷ್ಟರಲ್ಲಿ ಬೆಸುಗೆಯ ಪಕ್ಕದ ನೀಲಿಗಟ್ಟಿದ ತಗಡು ಬಾಣಲೆಯ ಪೂರಿಯಂತೆ ಮೇಲೇಳುತ್ತಿತ್ತು. ತಣ್ಣಗಾಗುತ್ತಾ ಟಿಕ್ ಟಿಕ್ ಎಂದು ಸದ್ದು ಮಾಡುತ್ತಾ ಒಂದು ಬದಿಗೆ ಸೊಟ್ಟಗಾಯಿತು. ಆ ಸದ್ದು ನನಗೆ ಈಗಲೂ ನೆನಪಿದೆ.

ಕಾರಣ ಇಷ್ಟು: ಬೆಸುಗೆಯ ಲೋಹ ತಣಿಯುವಾಗ ಕುಗ್ಗುತ್ತದೆ, ಕುಗ್ಗುತ್ತಾ ಅಕ್ಕಪಕ್ಕದ ತಗಡನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಸುಮಾರು ಒಂದು ಮಿಲಿಮೀಟರ್ ದಪ್ಪದ ತಗಡಿಗೆ ಆ ಎಳೆತ ತಡೆಯುವ ಶಕ್ತಿ ಇಲ್ಲ. ಪರಿಹಾರವೂ ಅದರಲ್ಲೇ ಇದೆ. ಮೊದಲು ಬೆಸುಗೆಯ ಉಬ್ಬನ್ನು ಗ್ರೈಂಡರಿನಿಂದ, ತಗಡು ಬಿಸಿಯಾಗದಂತೆ ಬಿಟ್ಟು ಬಿಟ್ಟು, ತೆಳುವಾಗಿ ಉಜ್ಜಿ. ಆಮೇಲೆ ಒಳಬದಿಗೆ ಡಾಲಿ ಎಂಬ ಕೈಹಿಡಿಯ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿದು, ಹೊರಗಿನಿಂದ ಬೆಸುಗೆಯ ಗೆರೆಯ ಮೇಲಷ್ಟೇ ಚಪ್ಪಟೆ ಸುತ್ತಿಗೆಯಿಂದ ಹಗುರವಾಗಿ ತಟ್ಟುತ್ತಾ ಬನ್ನಿ. ಎರಡು ಲೋಹಗಳ ನಡುವೆ ಸಿಕ್ಕ ಬೆಸುಗೆ ಕೂದಲೆಳೆಯಷ್ಟು ಹಿಗ್ಗುತ್ತದೆ, ಎಳೆತ ಸಡಿಲಾಗುತ್ತದೆ, ಉಬ್ಬಿದ ತಗಡು ತಾನಾಗಿ ಕೂರುತ್ತದೆ. ಮಿಗ್ ಬೆಸುಗೆ ಗಡುಸಾದ್ದರಿಂದ ತಾಳ್ಮೆ ಬೇಕು. ಟಂಗ್‌ಸ್ಟನ್ ಕಡ್ಡಿಯ ಕಿಡಿಯಿಂದ ಮಾಡುವ ಟಿಗ್ ಬೆಸುಗೆ ಇದಕ್ಕಿಂತ ಮೆದು, ಬೇಗ ಬಗ್ಗುತ್ತದೆ. ಉಬ್ಬಿನ ನೆತ್ತಿಗೆ ಮಾತ್ರ ಸುತ್ತಿಗೆ ಹಾಕಬೇಡಿ, ತಗಡು ಇನ್ನಷ್ಟು ಹಿಗ್ಗಿ ಸ್ಥಿತಿ ಬಿಗಡಾಯಿಸುತ್ತದೆ.

ಇನ್ನೊಂದು ಬದಿಯ ತಗಡನ್ನು ಬೆಸೆಯುವಾಗ 0.6 ಮಿಲಿಮೀಟರಿನ ತೆಳು ತಂತಿ, 75 ಭಾಗ ಆರ್ಗಾನ್ ಮತ್ತು 25 ಭಾಗ ಕಾರ್ಬನ್ ಡೈಆಕ್ಸೈಡ್ ಇರುವ ಗ್ಯಾಸು ಬಳಸಿ. ಅಂಚಿನ ಎರಡೂ ಕಡೆ ಒಂದೊಂದು ಇಂಚು ಬಣ್ಣ, ತುಕ್ಕು ತೆಗೆದು ಹೊಳೆಯುವ ಲೋಹ ಕಾಣಬೇಕು. ಸತುವಿನ ಲೇಪನ ಇದ್ದರೆ ಅದನ್ನೂ ಉಜ್ಜಿ ತೆಗೆಯಿರಿ. ಸುಟ್ಟ ಸತುವಿನ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ ಬರುತ್ತದೆ. ಬೆಸುಗೆಯ ಒಂದು ಚುಕ್ಕೆ ಮುಂದಿನ ತುದಿಗೆ, ಎರಡನೆಯದು ಹಿಂದಿನ ತುದಿಗೆ, ಮೂರನೆಯದು ನಡುವೆ, ಹೀಗೆ ಪ್ರತಿ ಸಂದನ್ನೂ ಅರ್ಧಿಸುತ್ತಾ ಹೋಗಿ; ಹಾಕಿದ ಚುಕ್ಕೆಯನ್ನು ಬರಿಗೈಯಿಂದ ಮುಟ್ಟಬಹುದಾದಷ್ಟು ತಣಿದ ಮೇಲೆಯೇ ಅದರ ಪಕ್ಕದ್ದನ್ನು ಹಾಕಿ. ಎರಡು ಅಡಿ ಬೆಸುಗೆಗೆ ಒಂದು ಮಧ್ಯಾಹ್ನ ಹಿಡಿದರೆ ಆ ಸಮಯ ದಂಡವಾಗಿಲ್ಲ. ಕೆಲಸ ಮುಗಿದ ಮೇಲೆ ಒಳಬದಿಗೆ ಪ್ರೈಮರ್ ಬಳಿಯಲು ಮರೆಯಬೇಡಿ, ಅಲ್ಲಿನ ಹಳೆಯ ಬಣ್ಣ ಸುಟ್ಟುಹೋಗಿರುತ್ತದೆ.

ಪ್ರಶ್ನೆ: ನಾವು ಶಿರಸಿಯ ಕಡೆಯವರು. ನಮ್ಮ ಪಿಕಪ್ ಗಾಡಿ ಅಡಿಕೆ ತೋಟದ ದಾರಿಯ ತಿರುವಿನಲ್ಲಿ ತಿರುಗುವುದಿಲ್ಲ. ಹಿಂಬದಿಯ ತೊಟ್ಟಿಯನ್ನು ಒಂದು ಅಡಿ ಕತ್ತರಿಸಿಕೊಡುತ್ತೇನೆಂದು ಊರಿನ ವೆಲ್ಡಿಂಗ್ ಅಂಗಡಿಯವರು ಹೇಳುತ್ತಾರೆ. ಮಾಡಿಸಬಹುದೇ?

ಉತ್ತರ: ಮಾಡಿಸಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ನಮೂದಾದ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಂತೆ ಒಂದೊಂದು ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಎಫ್‌ಸಿಗೆ (ಗಾಡಿಯ ಯೋಗ್ಯತಾ ತಪಾಸಣೆಗೆ) ಹೋದಾಗಲೂ, ಅಪಘಾತವಾಗಿ ವಿಮೆ ಕೇಳಿದಾಗಲೂ ಈ ಕತ್ತರಿಸಿದ ಅಡಿ ನಿಮಗೆ ಅಡ್ಡ ಬರುತ್ತದೆ.

ಇಷ್ಟಕ್ಕೂ ತೊಟ್ಟಿಯ ಬಾಲ ಕತ್ತರಿಸಿದರೆ ಗಾಡಿ ತಿರುಗುವ ವೃತ್ತ ಕಿರಿದಾಗುವುದಿಲ್ಲ. ಮೊದಲ ಉತ್ತರದಲ್ಲಿ ಹೇಳಿದ ಅದೇ ಆಕ್ಸಲ್ಲುಗಳ ಅಂತರವೇ ಇಲ್ಲಿ ತಿರುವನ್ನು ಮುಖ್ಯವಾಗಿ ನಿರ್ಧರಿಸುತ್ತದೆ. ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಮಗ್ಗುಲಿಗೆ ಸರಿದು ಬರುತ್ತದೆ. ನಿಮ್ಮ ಗಾಡಿ ಸಿಕ್ಕಿಕೊಳ್ಳುವುದು ಅಲ್ಲಿಯೇ ಇರಬೇಕು. ಮಳೆ ನಿಂತ ಮೇಲೆ ಒಮ್ಮೆ ನಿಧಾನವಾಗಿ ತಿರುಗಿಸಿ, ಹಿಂದಿನ ಒಳಚಕ್ರದ ಗುರುತು ದಾರಿ ಬದಿಯ ಮಣ್ಣಿನ ದರೆಗೆ ಎಷ್ಟು ಒತ್ತಿ ಬಿದ್ದಿದೆ ಎಂದು ನೋಡಿ. ತಿರುವಿನ ಒಳಮೂಲೆಯಲ್ಲಿ ಅಷ್ಟು ಅಗಲ ದರೆ ಕಡಿದು, ಕಲ್ಲು ತುಂಬಿ ಗಟ್ಟಿ ಮಾಡಿದರೆ ಗಾಡಿಯ ತಗಡಿಗೆ ಕೈ ಹಚ್ಚುವ ಅಗತ್ಯವೇ ಬೀಳುವುದಿಲ್ಲ.