ಕುಮಾರವ್ಯಾಸನ ಷಟ್ಪದಿಯನ್ನು ವೃಂದಗಾನಕ್ಕೆ ಹೊಂದಿಸುವುದು ಹೇಗೆ?

ಕುಮಾರವ್ಯಾಸ ಬರೆದದ್ದು ಭಾಮಿನಿ ಷಟ್ಪದಿ ಎಂಬ ಆರು ಸಾಲಿನ ಛಂದಸ್ಸಿನಲ್ಲಿ. ಅದಕ್ಕೆ ಏಳೆಣಿಕೆಯ ಮಿಶ್ರಛಾಪು ಹೇಳಿಮಾಡಿಸಿದ ತಾಳ. ಪದ್ಯದ ನಡೆಯೇ 3+4 ಮಾತ್ರೆ (ಹ್ರಸ್ವಾಕ್ಷರ ನುಡಿಯುವಷ್ಟು ಕಾಲ ಒಂದು ಮಾತ್ರೆ). 1, 2, 4, 5ನೇ ಸಾಲುಗಳಿಗೆ ಎರಡೆರಡು ಆವರ್ತ, ಅಂದರೆ ತಾಳದ ಸುತ್ತು. 3 ಮತ್ತು 6ಕ್ಕೆ ನಾಲ್ಕು. ಈ ಎರಡು ಸಾಲುಗಳ ಕೊನೆಯ ಗುರುವಿಗೆ (ದೀರ್ಘ ಉಚ್ಚಾರದ ಅಕ್ಷರಕ್ಕೆ) ಇರುವುದು 2 ಮಾತ್ರೆ, ಉಳಿದ 5 ಕಾರ್ವೆ, ಅಂದರೆ ಸ್ವರ ಎಳೆದು ಹಿಡಿಯುವ ಕಾಲ. ಅಲ್ಲೇ ತಂಡ ಆತುರಪಟ್ಟು ತಾಳ ತಪ್ಪುವುದು. ಒಬ್ಬರು ಕೈಯಲ್ಲಿ ತಾಳ ಹಾಕುತ್ತಿರಲಿ.

ಇನ್ನೂ ದೊಡ್ಡ ತೊಡಕು ಉಸಿರಿನದು. ‘ವೀರನಾರಾಯಣನೆ ಕವಿ ಲಿಪಿ’ ಎಂದು ಎಲ್ಲರೂ ಒಟ್ಟಿಗೆ ಉಸಿರೆಳೆದರೆ ಮುಂದಿನ ಸಾಲಿನ ‘ಕಾರ’ ಅನಾಥವಾಗುತ್ತದೆ, ‘ಲಿಪಿಕಾರ’ ಕೇಳಿಸುವುದೇ ಇಲ್ಲ. ಅರ್ಧ ತಂಡ ‘ಕವಿ’ಗೆ ಮುಂಚೆ, ಉಳಿದರ್ಧ ‘ಲಿಪಿಕಾರ’ ಮುಗಿದ ಮೇಲೆ ಉಸಿರು ತೆಗೆದುಕೊಳ್ಳಲಿ. ಸ್ವರಮೇಳ ಬೇಕೆಂದರೆ ಕೆಳದನಿಯವರು ಷಡ್ಜ-ಪಂಚಮ (ಸ-ಪ) ಹಿಡಿದರೆ ಸಾಕು. ಹೆಚ್ಚು ಪದರ ಸೇರಿಸಿದರೆ ಮೊದಲು ಮಸುಕಾಗುವುದು ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದ ಪ್ರಾಸ.